ಸುರೇಶನ ಮೀಸೆ

ತುಮಕೂರಿನ ಕಣ್ಣಾಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ ದಿನ ಈಶ್ವರಮ್ಮನ ಸಾಲಿನಲ್ಲಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಲೋಕವನ್ನು ವಾಪಸು ಪಡೆದರು. ಕೊರಟಗೆರೆ ಕಡೆಯ ಅಜ್ಜನೊಬ್ಬ ಗೋಡೆಯ ಗಡಿಯಾರ ನೋಡಿ, ಅದು ನಿಂತುಹೋಗಿದೆಯೆಂದು ನರ್ಸಿಗೆ ದೂರು ಕೊಟ್ಟ. ಶಿರಾದಿಂದ ಬಂದಿದ್ದ ಹೆಂಗಸು ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, 'ಅಬ್ಬಬ್ಬಾ, ಯಾವಾಗ ಇಷ್ಟು ದಪ್ಪ ಆದೆ?' ಎಂದಳು. ಸೊಸೆಗೆ ಈ ಶಸ್ತ್ರಚಿಕಿತ್ಸೆ ಅಷ್ಟೇನೂ ಅಗತ್ಯವಿರಲಿಲ್ಲ ಅನ್ನಿಸಿರಬೇಕು. ಈಶ್ವರಮ್ಮನಿಗೆ ಮಾತ್ರ ಕಂಡದ್ದು ಗಂಜಿ. ಮುಂದೆ ಗಂಜಿ, ಪಕ್ಕದಲ್ಲಿ ಗಂಜಿ, ಗಂಜಿಯೊಳಗಿಂದ ಮಗ ನರಸಿಂಹರಾಜುವಿನ ದನಿ.

'ಪೊರೆ ತುಂಬಾ ಬಲಿತು ಗಟ್ಟಿಯಾಗಿತ್ತಮ್ಮ,' ಎಂದರು ಡಾಕ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. 'ಅದನ್ನ ತೆಗೆಯುವಾಗ ಕಣ್ಣಿನ ಮುಂದಿನ ಪದರ ಸ್ವಲ್ಪ ಊದಿಕೊಂಡಿದೆ. ಡ್ರಾಪ್ಸ್ ಹಾಕ್ತಾ ಇರಿ, ನಿಧಾನವಾಗಿ ತಿಳಿಯಾಗುತ್ತೆ. ಅವಸರ ಬೇಡ.'

ಎಡಗಣ್ಣಿನಲ್ಲೂ ಪೊರೆ ಕೂತು ಯಾವುದೋ ಕಾಲವಾಗಿತ್ತು. ಅದರ ಸರದಿ ಆಮೇಲೆ. ಅಲ್ಲಿಯವರೆಗೆ ಈಶ್ವರಮ್ಮನ ಪಾಲಿಗೆ ಇದ್ದದ್ದು ಬಲಗಣ್ಣು ಮತ್ತು ಅವಸರ.

ಅವಸರಕ್ಕೆ ಕಾರಣ ತಮ್ಮ ಚೌಡಯ್ಯ. ಪಾವಗಡದಾಚೆ ವಳ್ಳೂರಿನಲ್ಲಿ ಅವನಿಗೆ ಉಬ್ಬಸ ಜಾಸ್ತಿಯಾಗಿ ಮಂಚ ಹಿಡಿದಿದ್ದ. ಫೋನಿನಲ್ಲಿ ಅವನನ್ನು ಮಾತಾಡಿಸುವುದು ಯಾರಿಂದಲೂ ಆಗದ ಕೆಲಸ. ಹಲೋ ಎಂದು ಒಮ್ಮೆ ಕೂಗಿ, ಫೋನನ್ನು ಕಿವಿಯಿಂದ ತೆಗೆದು, ಅಕ್ಕ ಒಳಗಿದ್ದಾಳೇನೋ ಎಂಬಂತೆ ಅದನ್ನೇ ನೋಡುತ್ತ ಕೂರುತ್ತಿದ್ದ. ಹಾಗಾಗಿ ಅವನ ಮಾತೆಲ್ಲ ಮಗ ಸುರೇಶನ ಬಾಯಿಂದಲೇ ಬರಬೇಕು. ಶಸ್ತ್ರಚಿಕಿತ್ಸೆಯಾದ ಮುಂದಿನ ವಾರ ಸುರೇಶ ಫೋನು ಮಾಡಿ, ಅಪ್ಪ ಅತ್ತೆಯನ್ನು ನೋಡಬೇಕಂತಿದ್ದಾನೆ ಎಂದ.

'ಕಣ್ಣು ತಿಳಿಯಾಗ್ಲಿ ಕಣ್ಲಾ, ಬತ್ತೀನಿ,' ಎಂದಳು ಈಶ್ವರಮ್ಮ. 'ಅವನು ಹೋದ್ಸಲಿ ಇಲ್ಲಿಗೆ ಬಂದಾಗ ಬರೀ ದನಿ ಬಂದಂಗಿತ್ತು. ಮುಖಾನೇ ಕಾಣ್ನಿಲ್ಲ. ಈಗ ಅಷ್ಟು ದೂರ ಹೋಗಿ ಗಂಜಿ ನೋಡ್ಕೊಂಡು ಬರ್ಲಾ?'

ಮನೆಯವರಿಗೂ ಅದೇ ಬೇಕಾಗಿತ್ತು. ಬಸ್ಸಿನ ಧೂಳು, ಕುಲುಕಾಟ, ವಳ್ಳೂರಿನ ಬಿಸಿಲು. ನರಸಿಂಹರಾಜು ಮಧುಗಿರಿಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಕಣ್ಣಿನ ರಚನೆಯನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಪಾಠ ಮಾಡುವವನು. ಆದರೆ ಅವ್ವನ ಕಣ್ಣಿನ ವಿಚಾರದಲ್ಲಿ ಅವನ ಗುರು ಪಕ್ಕದ ಮನೆಯ ಸರೋಜಮ್ಮ.

ಸರೋಜಮ್ಮನಿಗೆ ಈ ಅಧಿಕಾರ ಬಂದದ್ದು ಅವಳ ಕೆಟ್ಟುಹೋದ ಕಣ್ಣಿನಿಂದ. ಅವಳದೂ ಇದೇ ಶಸ್ತ್ರಚಿಕಿತ್ಸೆ. ಆದ ಮೇಲೆ ಟೀವಿ ಧಾರಾವಾಹಿಯಲ್ಲಿ ಯಾರೋ ಸೊಸೆ ಮನೆ ಬಿಟ್ಟು ಹೋದದ್ದಕ್ಕೆ ಅತ್ತಳಂತೆ, ಕಣ್ಣು ಹೋಯಿತಂತೆ. ಡ್ರಾಪ್ಸಿನ ಸೀಸೆಯನ್ನು ದೇವರ ಗೂಡಿನಲ್ಲಿಟ್ಟು ಮರೆತದ್ದು ಈ ಕಥೆಯೊಳಗೆ ಬರುವುದಿಲ್ಲ. ಬದನೆಕಾಯಿ ಬೇಡ, ಒಲೆ ಮುಂದೆ ಕೂರೋದು ಬೇಡ ಎಂದು ಅವಳು ಹೇಳಿದ ಪಥ್ಯದ ಕೊನೆಗೆ ಎಲ್ಲದಕ್ಕೂ ಮಿಗಿಲಾದ ಮಾತೊಂದು ಇರುತ್ತಿತ್ತು: 'ಒಂದು ತೊಟ್ಟು ಅಳಬಾರದು. ಅತ್ತರೆ ಒಳಗೆ ಹಾಕಿರೋ ಗಾಜು ಜಾರೋಯ್ತದೆ.' ಊರಿನಲ್ಲಿ ಎಲ್ಲರೂ ಇದನ್ನು ನಂಬುತ್ತಾರೆ. ಯಾವ ಡಾಕ್ಟರೂ ಹೇಳಿಲ್ಲ. ಯಾರೂ ಡಾಕ್ಟರನ್ನು ಕೇಳಿಯೂ ಇಲ್ಲ.

ಚೌಡಯ್ಯ ತೀರಿಕೊಂಡ ಸುದ್ದಿ ಬಂದದ್ದು ಒಂದು ಬೆಳಿಗ್ಗೆ, ಈಶ್ವರಮ್ಮ ಜಗಲಿಯಲ್ಲಿ ಕೂತು ಮಧುಗಿರಿ ಬೆಟ್ಟವನ್ನು ಪರೀಕ್ಷಿಸುತ್ತಿದ್ದಾಗ. ಅದು ಅವಳ ನಿತ್ಯದ ಲೆಕ್ಕ. ಮೊದಮೊದಲು ಬೆಟ್ಟ ಅಂದರೆ ಮಸಿ ಬಳಿದ ಹಾಗೆ ಒಂದು ಕಪ್ಪು. ಆಮೇಲೆ ಅದಕ್ಕೊಂದು ಅಂಚು ಬಂತು. ಅವತ್ತು ಬಂಡೆಯ ಬೋಳು ಎಲ್ಲಿ, ಗಿಡಗಂಟಿ ಎಲ್ಲಿ ಎನ್ನುವುದು ಮಸುಕಾಗಿ ಬೇರೆಯಾಗುತ್ತಿತ್ತು. ಒಳಗೆ ಅಡುಗೆಮನೆಯಲ್ಲಿ ಮಗ, ಸೊಸೆ, ಸರೋಜಮ್ಮ ಸೇರಿ ಪಿಸುಗುಟ್ಟಿ ತೀರ್ಮಾನ ಮಾಡಿದರು.

'ಹೇಳ್ಬುಟ್ರೆ ಅಲ್ಲೇ ಬಿದ್ದು ಉಳ್ಳಾಡಿ ಅಳ್ತದೆ ನಿಮ್ಮವ್ವ. ಕಣ್ಣು ಹೋಯ್ತು ಅಂತ ತಿಳ್ಕ,' ಎಂದಳು ಸರೋಜಮ್ಮ.

'ಹೇಳ್ದೆ ಇದ್ರೆ ಆಮೇಲೆ ನಮ್ಮನ್ನ ಬುಟ್ಟಾರಾ?' ಎಂದಳು ಸೊಸೆ ಸುನಿತಾ.

'ಆಮೇಲಿಂದು ಆಮೇಲೆ. ಮೊದ್ಲು ಕಣ್ಣು.'

ಮೇಷ್ಟ್ರು ಹೊರಗೆ ಬಂದು, ಪಾವಗಡದಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆ, ಇಬ್ಬರೂ ಹೋಗಿ ಬರುತ್ತೇವೆ ಎಂದ. ಈಶ್ವರಮ್ಮನನ್ನು ಮೊಮ್ಮಗಳು ಶರಣ್ಯಾಳ ವಶಕ್ಕೆ ಬಿಟ್ಟು, ಗಂಡಹೆಂಡತಿ ಮಾವನ ಮಣ್ಣಿಗೆ ಹೋದರು.

ಸಂಜೆ ವಾಪಸು ಬಂದವರು ಒಳಗೆ ಕಾಲಿಡದೆ, ಹಿತ್ತಲಿನಲ್ಲಿ ತಲೆಗೆ ನೀರು ಹುಯ್ದುಕೊಂಡು ಬಂದರು. ಈಶ್ವರಮ್ಮ ಸೊಸೆಯ ಕಡೆ ಕಣ್ಣು ಕಿರಿದು ಮಾಡಿದಳು.

'ಇದೇನೇ ಸುನಿತಾ, ತಲೆ ಒದ್ದೆಯಾಗೈತೆ? ಮದುವೆಗೆ ಹೋಗಿ ಬಂದು ಯಾರಾದ್ರೂ ತಲೆಗೆ ನೀರಾಕ್ಕೊಂತಾರಾ?'

'ಒದ್ದೆ ಎಲ್ಲೈತೆ ಅತ್ತೆಮ್ಮ? ಎಣ್ಣೆ ಹಚ್ಚಿವ್ನಿ. ನಿಮಗೆ ಅಂಗೆ ಕಾಣ್ತದೆ.'

'ತಾಂಬೂಲದ ಚೀಲ ಎಲ್ಲಿ?'

ಮೇಷ್ಟ್ರು ಅಷ್ಟರಮಟ್ಟಿಗೆ ಮುಂದಾಲೋಚನೆ ಮಾಡಿದ್ದ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕಾಯಿ, ಎಲೆ ಅಡಿಕೆ ಕೊಂಡು, ಮನೆಯಲ್ಲಿದ್ದ ಹಳೆಯ ಮದುವೆ ಚೀಲವೊಂದಕ್ಕೆ ತುಂಬಿ ಅವ್ವನ ಕೈಗಿತ್ತ. ಈಶ್ವರಮ್ಮ ಕಾಯಿಯನ್ನು ಅಂಗೈಯಲ್ಲಿ ತೂಗಿ, 'ಜುಗ್ಗರು,' ಎಂದು ಕಂಡಿರದ ಬೀಗರ ಬಗ್ಗೆ ಷರಾ ಬರೆದು ಪಕ್ಕಕ್ಕಿಟ್ಟಳು.

ಅಲ್ಲಿಂದ ಆ ಮನೆಯಲ್ಲಿ ಹೊಸದೊಂದು ಅನುಕೂಲ ಹುಟ್ಟಿಕೊಂಡಿತು. ಈಶ್ವರಮ್ಮ ಏನು ಕಂಡರೂ ಅದು ಅವಳ ಕಣ್ಣಿನ ತಪ್ಪು. ಸುನಿತಾಳ ಕಣ್ಣು ಊದಿಕೊಂಡಿದೆ ಎಂದರೆ, 'ನಿಮಗೆ ಅಂಗೆ ಕಾಣ್ತದೆ.' ಮೂರನೇ ದಿನ ಮಣ್ಣಿಗೆ ಹಾಲುತುಪ್ಪ ಬಿಡಲೆಂದು ಮಗ ಸೊಸೆ ಮತ್ತೆ ನಸುಕಿನಲ್ಲೇ ಹೊರಟಾಗ, ಇಷ್ಟೊತ್ತಿಗೇ ಎಲ್ಲಿಗೆ, ಇನ್ನೂ ಬೆಳಕೇ ಹರಿದಿಲ್ಲ ಎಂದರೆ, 'ಬೆಳಕಾಗಿ ಎಷ್ಟೊತ್ತಾಯ್ತು ಅವ್ವ, ನಿನಗೆ ಅಂಗೆ ಕಾಣ್ತದೆ.' ಶರಣ್ಯಾ ಒಬ್ಬಳು ಈ ಮಾತು ಹೇಳುತ್ತಿರಲಿಲ್ಲ. ಅಜ್ಜಿ ಏನಾದರೂ ಕೇಳಿದರೆ ಫೋನು ನೋಡುತ್ತ ಎದ್ದು ಹೋಗುತ್ತಿದ್ದಳು. ಆ ಮನೆಯಲ್ಲಿ ಪ್ರಾಮಾಣಿಕತೆ ಅಷ್ಟಕ್ಕೆ ಇಳಿದಿತ್ತು.

ಹಾಗೆ ನೋಡಿದರೆ ಕಣ್ಣು ತನ್ನ ಕೆಲಸ ತಾನು ಮಾಡುತ್ತಲೇ ಇತ್ತು. ಊತ ಇಳಿಯುತ್ತ ಬಂದು, ಬೆಟ್ಟದ ಮೇಲಿನ ಕೋಟೆ ಗೋಡೆ ದಾರ ಎಳೆದ ಹಾಗೆ ಕಾಣತೊಡಗಿತು. ಆದರೆ ಈಶ್ವರಮ್ಮ ಅದನ್ನು ಯಾರಿಗೂ ಹೇಳಲಿಲ್ಲ. ಮನೆಯೊಳಗೆ ಕಂಡದ್ದೇ ಸುಳ್ಳಾಗುತ್ತಿರುವಾಗ ಅಷ್ಟು ದೂರದ ಗೋಡೆಯನ್ನು ನಂಬುವುದು ಹೇಗೆ?

ತಿಥಿ ಮುಗಿದ ಮೇಲೆ ಸುರೇಶ ಬಂದ. ಅತ್ತೆಗೆ ತಾನೇ ಹೇಳಬೇಕೆಂದು ಬಂದವನನ್ನು ನರಸಿಂಹರಾಜು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು, ಸರೋಜಮ್ಮನ ಕಣ್ಣಿನ ಕಥೆ ಹೇಳಿ, ಬಾಯಿ ಕಟ್ಟಿ ಕರೆತಂದ. ಸುರೇಶ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವ ಕೆಲಸದವನು. ಬೋಳಿಸಿದ ತಲೆಯ ಮೇಲೆ ಕಂಪನಿಯ ಟೋಪಿ ಇತ್ತು. ಮೀಸೆಗೆ ಟೋಪಿ ಎಲ್ಲಿಂದ ತರುವುದು?

'ಬಾರ್ಲಾ ಸುರೇಶ. ನಿಮ್ಮಪ್ಪ ಹೆಂಗವ್ನೆ?'

'ಅವ್ನೆ ಅತ್ತೆ.'

'ಉಬ್ಬಸ?'

'ಈಗ ಉಬ್ಬಸ ಏನಿಲ್ಲ.'

ಸುನಿತಾ ಕಾಫಿ ತರುವ ನೆಪದಲ್ಲಿ ಒಳಗೆ ಓಡಿದಳು. ಈಶ್ವರಮ್ಮ ಅಳಿಯನನ್ನೇ ನೋಡುತ್ತಿದ್ದಳು. ಮುಂದಕ್ಕೆ ಬಾಗಿ, ತಲೆ ಓರೆ ಮಾಡಿ, ಬಲಗಣ್ಣನ್ನೇ ಮುಂದಿಟ್ಟು ಮತ್ತೆ ನೋಡಿದಳು.

'ಲೇ, ನಿನ್ ಮೀಸೆ ಎಲ್ಲೋ?'

ಸುರೇಶನ ಕೈ ತಾನಾಗಿ ಬೋಳು ತುಟಿಯ ಮೇಲೆ ಹೋಯಿತು.

'ಐತಲ್ಲ ಅತ್ತೆ,' ಎಂದ.

'ಐತಾ?'

'ಐತೆ.'

'ನನಗ್ಯಾಕೋ ಕಾಣ್ತಾ ಇಲ್ಲ,' ಎಂದು ಈಶ್ವರಮ್ಮ ಹಿಂದಕ್ಕೆ ಒರಗಿದಳು. 'ಬುಡು. ಈ ಕಣ್ಣು ಸರಿಯೋಗಲ್ಲ. ನಿಮ್ಮಪ್ಪನ್ಗೆ ಹೇಳು, ಇನ್ನೊಂದಷ್ಟು ದಿನ ತಡಿಲಿ, ಅಕ್ಕ ಬತ್ತಾಳೆ ಅಂತ.'

ಸುರೇಶ ಕಾಫಿ ಕುಡಿಯದೆ ಎದ್ದು ಹೋದ. ಬೀದಿಯ ತಿರುವಿನಲ್ಲಿ ಟೋಪಿ ತೆಗೆದು ಅದರಲ್ಲೇ ಮುಖ ಒರೆಸಿಕೊಂಡನೆಂದು ಶರಣ್ಯಾ ಆಮೇಲೆ ಹೇಳಿದಳು.

ತಪಾಸಣೆಗೆ ತುಮಕೂರಿಗೆ ಹೋದಾಗ, ಗೋಡೆಯ ಮೇಲೆ ಬಾಚಣಿಗೆಯಂಥ ಮೂರು ಹಲ್ಲಿನ ಗುರುತುಗಳ ಹಲಗೆ ಇತ್ತು. ಹಲ್ಲು ಯಾವ ಕಡೆಗಿದೆಯೆಂದು ಕೈಯಲ್ಲಿ ತೋರಿಸಬೇಕು. ಈಶ್ವರಮ್ಮ ತೋರಿಸಿದಳು. ಮೇಲೆ, ಕೆಳಗೆ, ಬಲಕ್ಕೆ. ಸಾಲು ಸಣ್ಣದಾಗುತ್ತ ಹೋದರೂ ತೋರಿಸುತ್ತ ಹೋದಳು.

'ತುಂಬಾ ಚೆನ್ನಾಗಿದೆಯಲ್ಲಮ್ಮ! ಎಲ್ಲಾ ಸರಿ ಹೇಳಿದ್ರಿ.'

'ಅಂಗೆ ಕಾಣ್ತದೆ ಕಣಮ್ಮ. ಆದ್ರೆ ಅಂಗೆ ಇರಾಕಿಲ್ಲ.'

'ಅಂದ್ರೆ?'

'ನಂಗೆ ಕಾಣೋದು ಒಂದೂ ನಿಜ ಅಲ್ಲ. ಒದ್ದೆ ಇಲ್ದಿದ್ರೂ ಒದ್ದೆ ಕಾಣ್ತದೆ. ಬೆಳಕಾದ್ರೂ ಕತ್ಲೆ ಕಾಣ್ತದೆ. ಮೊನ್ನೆ ನನ್ ತಮ್ಮನ ಮಗ ಬಂದಿದ್ದ, ಅವ್ನ ಮೀಸೆ ಕಾಣ್ನಿಲ್ಲ. ಗಲ್ಲ ಕಾಣ್ತದೆ, ತುಟಿ ಕಾಣ್ತದೆ, ಟೋಪಿ ಮೇಲಿನ ಬರವಣಿಗೆ ಕಾಣ್ತದೆ, ಮೀಸೆ ಒಂದೇ ಇಲ್ಲ. ಇದಕ್ಕೆ ಯಾವ್ದಾದ್ರೂ ಡ್ರಾಪ್ಸ್ ಕೊಡು ತಾಯಿ.'

ಡಾಕ್ಟರಿಗೆ ನಗು ಬಂತು. 'ಮೀಸೆ ಒಂದೇ ಕಾಣದ ಕಾಯಿಲೆ ಇನ್ನೂ ಬಂದಿಲ್ಲಮ್ಮ. ಬೋಳಿಸ್ಕೊಂಡಿರ್ತಾರೆ, ಅಷ್ಟೆ.'

ಈಶ್ವರಮ್ಮ ನಗಲಿಲ್ಲ. ವಳ್ಳೂರಿನ ಆ ಮನೆಯಲ್ಲಿ ಗಂಡುಮಗ ಮೀಸೆ ಬೋಳಿಸುವುದು ಯಾವಾಗ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೆತ್ತವಳು ಸತ್ತಾಗ ಚೌಡಯ್ಯನ ಮೀಸೆ ತೆಗೆಸುವಾಗ ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದವಳೇ ಅವಳು. ಅವಳು ನಿಧಾನವಾಗಿ ಮಗನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ನೆಲ ನೋಡುತ್ತಿದ್ದಾನೆಂಬುದು ಅವಳಿಗೆ ಸ್ಪಷ್ಟವಾಗಿ ಕಂಡಿತು.

'ಯಾವತ್ಲಾ?' ಎಂದಳು.

ನರಸಿಂಹರಾಜು ಡಾಕ್ಟರ ಮೊರೆಹೊಕ್ಕ. 'ಮೇಡಂ, ಅತ್ತುಬಿಟ್ರೆ ಕಣ್ಣು ಹೋಗುತ್ತೆ ಅಂತ... ನಾವು ಒಳ್ಳೇದಕ್ಕೇನೇ... ಸ್ವಲ್ಪ ನೀವೇ ಸಮಾಧಾನ ಹೇಳಿ, ಅಳಬಾರದು ಅಂತ.'

'ಅತ್ತರೆ ಕಣ್ಣಿಗೆ ಏನೂ ಆಗಲ್ಲ ಸರ್. ಕೈ ಹಾಕಿ ಉಜ್ಜಬಾರದು, ಅಷ್ಟೆ. ಯಾರು ಹೇಳಿದ್ದು ನಿಮಗೆ?'

ವಿಜ್ಞಾನದ ಮೇಷ್ಟ್ರು ಸರೋಜಮ್ಮನ ಹೆಸರು ಹೇಳಲಾರದೆ ಡ್ರಾಪ್ಸಿನ ಚೀಟಿ ಮಡಿಚತೊಡಗಿದ. ಹೊರಗೆ ಸಾಲಿನಲ್ಲಿದ್ದವರು ಬಾಗಿಲಿನಿಂದ ಇಣುಕುತ್ತಿದ್ದರು. ಡಾಕ್ಟರು ಈಶ್ವರಮ್ಮನ ಮುಂದೆ ಹತ್ತಿ ಇಟ್ಟು, 'ಅಳಿ ಅಮ್ಮ,' ಎಂದರು. ಅನುಮತಿ ಸಿಕ್ಕಿದ ಮೇಲೆ ಅವಳಿಗೆ ಅಳು ಬರಲಿಲ್ಲ.

ಅಲ್ಲಿಂದಲೇ ವಳ್ಳೂರಿಗೆ ಹೊರಡು ಎಂದಳು. ಮಗ ನಾಳೆ ಹೋಗೋಣ ಎಂದದ್ದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಮಧುಗಿರಿಯಲ್ಲಿ ಸುನಿತಾ ಬಸ್ಸು ಹತ್ತಿಕೊಂಡಳು. ದಾರಿಯುದ್ದಕ್ಕೂ ಈಶ್ವರಮ್ಮ ಕಿಟಕಿಯ ಪಕ್ಕ ಕೂತು ಎಲ್ಲವನ್ನೂ ಕಂಡಳು. ಆಸ್ಪತ್ರೆಯವರು ಕೊಟ್ಟ ಕರಿ ಕನ್ನಡಕದ ಹಿಂದಿನಿಂದ ಹುಣಸೆಮರದ ಎಲೆ ಎಲೆ, ಕುರಿ ಮಂದೆಯ ಒಂದೊಂದು ಕುರಿ. ಪಾವಗಡ ದಾಟಿದ ಮೇಲೆ ಎರಡೂ ಕಡೆ ಸೋಲಾರ್ ಫಲಕಗಳು ಕೆರೆಯ ಹಾಗೆ ಮಿನುಗುತ್ತ ಬಂದವು. ಇಷ್ಟು ಚೆನ್ನಾಗಿ ಕಾಣಬೇಕೆಂದು ಅವಳೇನೂ ಕೇಳಿರಲಿಲ್ಲ. ಒಂದೇ ಒಂದು ಮುಖ ಕೇಳಿದ್ದಳು.

ಚೌಡಯ್ಯನ ಮಣ್ಣು ಫಲಕಗಳ ಬೇಲಿಯ ಈಚೆ, ಕಂಪನಿಗೆ ಕೊಡದೆ ಉಳಿಸಿಕೊಂಡಿದ್ದ ಹೊಲದ ತುಂಡಿನಲ್ಲಿತ್ತು. ಸುರೇಶ ಮುಂದೆ ನಡೆದು ಜಾಲಿಮುಳ್ಳು ಸರಿಸಿದ. ಅವನ ತುಟಿಯ ಮೇಲೆ ಈಗ ಕೂದಲು ಚಿಗುರುತ್ತಿತ್ತು. ಈಶ್ವರಮ್ಮ ಅದನ್ನೂ ನೋಡಿದಳು.

'ಮೂರನೇ ದಿನ ಮಣ್ಣಿಗೆ ಅಕ್ಕನ ಪಾಲಿನ ಹಾಲು ಯಾರು ಬುಟ್ರು?' ಎಂದಳು.

'ನಾನೇ ಬುಟ್ಟೆ ಅತ್ತೆಮ್ಮ,' ಎಂದಳು ಸುನಿತಾ. ದನಿ ನೆಲಕ್ಕಿಳಿದಿತ್ತು. 'ನಿಮ್ ಹೆಸ್ರೇಳಿ ಬುಟ್ಟೆ.'

ಈಶ್ವರಮ್ಮ ಮಣ್ಣಿನ ಪಕ್ಕ ಕೂತಳು. ಸುರೇಶನೂ ಅವಳ ಪಕ್ಕ ಕುಕ್ಕರಿಸಿದ.

'ಅವತ್ತು ಇದನ್ನ ಹೇಳಕ್ಕೇ ಬಂದಿದ್ದೆ ಅತ್ತೆ. ನಿನ್ ಕಣ್ಣು ಇನ್ನೂ ತಿಳಿಯಾಗಿಲ್ಲ, ಅದ್ಕೇ ಬರ್ನಿಲ್ಲ ಅಂತ ಅಪ್ಪಂಗೆ ಹೇಳ್ದೆ. ಅದಕ್ಕೆ ಅವ್ನು, ಅಕ್ಕಂಗೆ ನಾನು ಕಾಣ್ದಿದ್ರೆ ಏನಂತೆ, ನಂಗೆ ಅಕ್ಕ ಕಾಣ್ತಾಳಲ್ಲ ಅಂದ.'

ಈಶ್ವರಮ್ಮ ತಲೆ ಎತ್ತಿದಳು. 'ಕನ್ನಡದಾಗೆ ಅಂದ್ನಾ?'

'ಇಲ್ಲ. ನಮ್ ಮಾತ್ನಾಗೆ, ತೆಲುಗ್ನಾಗೆ.'

'ಅಂಗೇ ಅನ್ನು.'

ಸುರೇಶ ನರಸಿಂಹರಾಜುವನ್ನೂ ಸುನಿತಾಳನ್ನೂ ಒಮ್ಮೆ ನೋಡಿ, ಅಪ್ಪನ ಮಾತನ್ನು ಹಾಗೇ ಒಪ್ಪಿಸಿದ. 'ಅಕ್ಕಕಿ ನೇನು ಕನಪಡಕಪೋತೇ ಏಮಿರಾ, ನಾಕು ಅಕ್ಕ ಕನಪಡ್ತಾದಿ ಕದಾ, ಅಂದ.'

ನರಸಿಂಹರಾಜು ಬೇಲಿಯ ಕಡೆಗೆ ಮುಖ ತಿರುಗಿಸಿದ. ಈಶ್ವರಮ್ಮನಿಗೆ ಇದು ಹೊಳೆದೇ ಇರಲಿಲ್ಲ. ನೋಡುವವಳು ತಾನೊಬ್ಬಳೇ ಎಂದುಕೊಂಡಿದ್ದಳು. ಅತ್ತ ಮಂಚದ ಮೇಲೆ ಒಬ್ಬ, ಒಳ್ಳೆಯ ಎರಡು ಕಣ್ಣು ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಮಲಗಿದ್ದ.

'ಹಾಲು ತರ್ಸು,' ಎಂದಳು.

'ಈಗ ಬಿಡೋ ಹಂಗಿಲ್ಲ ಅತ್ತೆ, ಹಾಲುತುಪ್ಪದ ದಿನ ಎಂದೋ ಮುಗೀತು,' ಎಂದ ಸುರೇಶ.

'ಗೊತ್ತು. ತರ್ಸು.'

ಸುರೇಶ ಬೈಕು ಹತ್ತಿ ಊರ ಕಡೆ ಹೋದ. ಬಿಸಿಲು ಪಡುವಣಕ್ಕೆ ವಾಲಿದ್ದರೂ ಸುಡುತ್ತಿತ್ತು. ಸುನಿತಾ ಸೆರಗು ಹಿಡಿದು ನೆರಳು ಮಾಡಲು ಬಂದಳು. ಈಶ್ವರಮ್ಮ ಬೇಡವೆಂದು ಕೈಯಾಡಿಸಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಮಣ್ಣಿನ ಕಡೆ ಮುಖ ಮಾಡಿ, ಹಾಲು ಬರುವವರೆಗೆ ಹಾಗೆಯೇ ಕೂತಳು.