ಸರಸಕ್ಕನ ಪಥ್ಯ, ಭೋಜಣ್ಣನ ಮೂವತ್ತೈದು ದಿನ

ಫರಂಗಿಪೇಟೆಯಲ್ಲಿ ಹೋಟೆಲು ನಡೆಸುವ ಭೋಜಣ್ಣನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಮೂವತ್ತೈದು ದಿನ ವಿಕಿರಣ ಚಿಕಿತ್ಸೆ. ನಮ್ಮ ಕಡೆ ಅದಕ್ಕೆ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಹತ್ತೊಂಬತ್ತನೆಯ ದಿನ ಮುಗಿಸಿ ಬಂದವರು, “ಸಾಕು, ನಾಳೆಯಿಂದ ಹೋಗುವುದಿಲ್ಲ” ಎಂದು ಮಲಗಿಬಿಟ್ಟರಂತೆ.

ನಾನು ದೀಪಶ್ರೀ, ಆಶಾ ಕಾರ್ಯಕರ್ತೆ. ಸುದ್ದಿ ಕೇಳಿ ಓಡಿದೆ. ಅಬ್ಬಾ, ಭೋಜಣ್ಣ ಸೊರಗಿ ಅರ್ಧ ಆಗಿದ್ದರು!

“ಸರಸಕ್ಕ, ಇವರಿಗೆ ಎಂಥ ತಿನ್ನಲಿಕ್ಕೆ ಕೊಡ್ತೀರಿ?”

“ತಿಳಿಗಂಜಿ, ಚೂರು ಉಪ್ಪಿನಕಾಯಿ,” ಎಂದರು ಅವರ ಹೆಂಡತಿ. “ಕರೆಂಟು ಅಂದ್ರೆ ಉಷ್ಣ ಅಲ್ವಾ? ಅದರ ಮೇಲೆ ಮೊಟ್ಟೆ, ಮೀನು ಕೊಟ್ರೆ ಇನ್ನೂ ಉಷ್ಣ ಆಗ್ತದೆ. ಪಥ್ಯ ಮಾಡಿಸ್ತಾ ಇದ್ದೇನೆ.”

ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು. ಊರಿಗೆಲ್ಲ ಬಡಿಸುವ ಮನುಷ್ಯ ಮನೆಯಲ್ಲಿ ಉಪವಾಸ!

“ಎಂಥ ಪಥ್ಯ ಮಾರಾಯ್ರೆ! ಭೋಜಣ್ಣ, ತಲೆ ಅಲ್ಲಾಡದ ಹಾಗೆ ಮುಖಕ್ಕೆ ಹಾಕುವ ಮಾಸ್ಕ್ ಸಡಿಲ ಆಗಿದೆಯಾ?”

ಹೌದೆಂದು ತಲೆಯಾಡಿಸಿದರು.

“ನೋಡಿ, ತೂಕ ಇಳಿದದ್ದಕ್ಕೆ ಹಾಗೆ. ಮಾಸ್ಕ್ ಸಡಿಲ ಆದ್ರೆ ಕಿರಣ ಸರಿಯಾದ ಜಾಗಕ್ಕೆ ಬೀಳುವುದು ಹೇಗೆ? ಅರ್ಧಕ್ಕೆ ಬಿಟ್ಟರಂತೂ ರೋಗ ಪುನಃ ತಲೆ ಎತ್ತಬಹುದು.”

ಸರಸಕ್ಕನ ಕಣ್ಣು ತುಂಬಿತು. “ನಾನೇ ಹಾಳು ಮಾಡಿದೆನಾ? ಆದ್ರೆ ಅವರಿಗೆ ನುಂಗಲಿಕ್ಕೇ ಆಗುವುದಿಲ್ಲ.”

“ಡಾಕ್ಟರಿಗೆ ಹೇಳಿದ್ದೀರಾ?”

“ಇಲ್ಲ. ಸುಮ್ಮನೆ ಅವರಿಗೆ ಯಾಕೆ ತೊಂದರೆ ಅಂತ...”

“ಹೇಳದಿದ್ರೆ ಗೊತ್ತಾಗುವುದು ಹೇಗೆ? ನಾಳೆ ನಾನೂ ಬರ್ತೇನೆ, ಹೋಗುವ.”

ಡಾಕ್ಟರು ಬೈಯಲಿಲ್ಲ. ಊಟಕ್ಕೆ ಮೊದಲು ತೆಗೆದುಕೊಳ್ಳಲು ನೋವಿನ ಔಷಧಿ ಬರೆದುಕೊಟ್ಟರು. ಉಗುರುಬೆಚ್ಚಗಿನ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಲು ಹೇಳಿದರು. ಮಾಸ್ಕಿಗೆ ಹೊಸ ಅಚ್ಚು ತೆಗೆದರು.

“ಪಥ್ಯ ಬೇಡವೇ ಬೇಡ,” ಎಂದರು ಸರಸಕ್ಕನಿಗೆ. “ಖಾರ, ಹುಳಿ, ಬಿಸಿಬಿಸಿ ಬಿಟ್ಟು ಮೆತ್ತಗಿನದ್ದು ಎಲ್ಲ ಕೊಡಿ. ನುಂಗಲಿಕ್ಕೇ ಆಗದಿದ್ರೆ ಸ್ವಲ್ಪ ದಿನ ಆಹಾರ ಕೊಡಲಿಕ್ಕೆ ಮೂಗಿನಲ್ಲಿ ನಳಿಕೆ ಹಾಕುವ, ಹೆದರಬೇಡಿ. ನಮ್ಮನ್ನು ಕೇಳದೆ ಕುತ್ತಿಗೆಗೆ ಎಣ್ಣೆ, ಅರಿಶಿನ ಹಚ್ಚಬೇಡಿ.”

ಅಂದಿನಿಂದ ಸರಸಕ್ಕನನ್ನು ನೋಡಬೇಕಿತ್ತು! ರಾಗಿಮಣ್ಣಿ, ಹೆಸರುಬೇಳೆ ಪಾಯಸ, ಮೆತ್ತಗೆ ಬೇಯಿಸಿದ ಮೊಟ್ಟೆ, ಮುಳ್ಳು ಬಿಡಿಸಿ ಹಿಚುಕಿದ ಮೀನು. ಎರಡು ಗಂಟೆಗೊಮ್ಮೆ ಬಟ್ಟಲು ಹಿಡಿದು ಹಾಜರು.

“ಇವಳ ಕಾಟಕ್ಕಿಂತ ಕರೆಂಟೇ ವಾಸಿ,” ಎಂದು ಭೋಜಣ್ಣ ನಕ್ಕರು. ಎಷ್ಟೋ ದಿನದ ಮೇಲೆ ಆ ನಗು ಕಂಡು ನನಗೆ ಜೀವ ಬಂದ ಹಾಗಾಯಿತು.

ಮೂವತ್ತೈದು ದಿನವೂ ಮುಗಿಯಿತು. ಮೂರು ತಿಂಗಳ ಮೇಲೆ ಸ್ಕ್ಯಾನ್ ನೋಡಿ ಡಾಕ್ಟರು, “ಗಡ್ಡೆ ಕಾಣುವುದಿಲ್ಲ. ತಪಾಸಣೆಗೆ ಮಾತ್ರ ತಪ್ಪದೆ ಬನ್ನಿ,” ಎಂದರು. ಸರಸಕ್ಕ ಅಲ್ಲೇ ನನ್ನನ್ನು ತಬ್ಬಿ, “ಗೆದ್ದೆವು ಮಾರಾಯ್ತಿ!” ಎಂದು ಕೂಗಿದರು. ಸಾಲಿನಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡಿ.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಕರೆಂಟು ಕೊಡುತ್ತಿದ್ದರೆ ಅವರನ್ನು ಉಪವಾಸ ಕೆಡವಬೇಡಿ. ನೋವನ್ನು ಅಂದೇ ಡಾಕ್ಟರಿಗೆ ಹೇಳಿ. ಒಂದು ದಿನವನ್ನೂ ತಪ್ಪಿಸಬೇಡಿ. ಜೊತೆಗೆ ಹೋಗಲು ಜನ ಇಲ್ಲವೇ? ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ನಾವು ಬರುತ್ತೇವೆ.