ನೆಲ ಬಿಟ್ಟ ಚಕ್ರಗಳು

ಕಾರಿನ ಹಿಂದಿನ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಿಸ್ಕತ್ತಿನ ಚೂರುಗಳನ್ನು ಹೇರ್‌ಪಿನ್ನಿನಿಂದ ಕೆದಕಿ ತೆಗೆಯುತ್ತಿದ್ದೆ. ಒಂದು ಚೂರು ಉಳಿದರೂ ಇಲಿ ಸಂಸಾರ ಹೂಡುತ್ತದೆ ಎಂದು ಭಾವ ಹೇಳಿದ್ದರು. ಅದನ್ನು ಹೇಳಿ ಬಾನೆಟ್ಟಿನೊಳಗೆ ತಲೆ ಹಾಕಿದ್ದರು.

ಭಾವ ಹಡಗಿನಲ್ಲಿ ಅಡುಗೆಯವರು. ನಾಳೆ ಬೆಳಿಗ್ಗೆ ಹೊರಡುತ್ತಾರೆ. ಆರು ತಿಂಗಳಲ್ಲಿ ವಾಪಸ್ ಬರುತ್ತೇನೆ ಎಂದು ಅಕ್ಕನಿಗೆ ಹೇಳಿದ್ದಾರೆ. ನಾನು ಅಕ್ಕನ ಮಗುವನ್ನು ನೋಡಿಕೊಳ್ಳಲೆಂದು ಶಾಲೆ ಬಿಟ್ಟು ಬಂದವಳು. ಈ ಮನೆಯಲ್ಲಿ ನನ್ನ ಬಾಯಿಗಿಂತ ಕಣ್ಣಿಗೇ ಕೆಲಸ ಹೆಚ್ಚು.

ಹೋದ ಸಲವೂ ಆರು ತಿಂಗಳೇ. ಆಗ ಟ್ಯಾಂಕ್ ತುಂಬಿಸಿದ್ದರು, ಟೈರುಗಳಿಗೆ ಸ್ವಲ್ಪ ಹೆಚ್ಚು ಗಾಳಿ ಹೊಡೆಸಿದ್ದರು. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಕಚ್ಚಿಕೊಳ್ಳುತ್ತದೆ ಎಂದು ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ಕೀಯನ್ನು ಅಕ್ಕನ ಅಂಗೈಯಲ್ಲಿಟ್ಟು, "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡು ಸಾಕು. ನನ್ನ ನೆನಪಾದಾಗೆಲ್ಲ ಮಾಡಿದ್ರೆ ಪೆಟ್ರೋಲ್ ಖಾಲಿಯಾಗುತ್ತೆ," ಎಂದು ನಗಿಸಿದ್ದರು.

ಈ ಸಲ ಬ್ಯಾಟರಿಯನ್ನೇ ಬಿಚ್ಚಿ ಮೂಲೆಗಿಟ್ಟರು. ಟ್ಯಾಂಕಿಗೆ ಪೈಪು ಇಳಿಸಿ ಪೆಟ್ರೋಲನ್ನೆಲ್ಲ ಕ್ಯಾನಿಗೆ ಹರಿಸಿದರು. ಆಮೇಲೆ ಜಾಕ್ ಹಾಕಿ, ಒಂದೊಂದೇ ಮೂಲೆ ಎತ್ತಿ, ಕೆಳಗೆ ಮರದ ದಪ್ಪ ತುಂಡುಗಳನ್ನು ಕೊಡತೊಡಗಿದರು. ತುಂಡು ಎತ್ತಿಕೊಡುವವಳು ನಾನೇ. ಕೀ ಅವರ ಜೇಬಿನಲ್ಲೇ ಇತ್ತು.

ಅಕ್ಕನ ಅತ್ತೆ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಆರು ತಿಂಗಳಿಗೆ ಇಷ್ಟೊಂದು ಆರೈಕೆನಾ? ನನಗೂ ಎಣ್ಣೆ ಸವರಿ ಬಟ್ಟೆ ಹೊದಿಸಿ ಹೋಗಪ್ಪ, ತುಕ್ಕು ಹಿಡಿಯಲ್ಲ."

"ಗಾಡಿ ಹಳೇದಾಯ್ತಲ್ಲಮ್ಮ."

"ನಾನೇನು ಈಗ ಷೋರೂಮಿಂದ ಬಂದೆನಾ?"

ಭಾವ ನಗಲಿಲ್ಲ. ಅಮ್ಮನ ಮಾತಿಗೆ ನಗದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಯ ಮೂಲೆಯೊಂದೇ ಉಳಿದಿತ್ತು. "ಕೊಡು," ಎಂದು ಕೈ ಚಾಚಿದರು. ತುಂಡು ನನ್ನ ಕೈಯಲ್ಲೇ ಇತ್ತು. ಕೊಡಲಿಲ್ಲ.

"ಭಾವ, ಪೆಟ್ರೋಲ್ ಯಾಕೆ ತೆಗೆದ್ರಿ?" ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಅದೂ ಅಡುಗೆ ಇದ್ದ ಹಾಗೆ ಕಣೇ. ವರ್ಷಗಟ್ಟಲೆ ಇಟ್ರೆ ಹಳಸಿ ಹೋಗುತ್ತೆ."

ಜಾಕಿನ ಹಿಡಿ ಅಲ್ಲೇ ನಿಂತಿತು. ಅತ್ತೆಯ ಬೆರಳುಗಳೂ ನಿಂತವು. ಬಾಗಿಲಲ್ಲಿ ಅಕ್ಕ ಚಹಾದ ಲೋಟ ಹಿಡಿದುಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಆರು ತಿಂಗಳು ಅಂದಿದ್ರಿ," ಅಂದಳು.

"ಏನೋ ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಬಹುದು. ಉಪ್ಪು ಹಾಕೋ ಕೈ ನಿಮ್ದು, ಅದು ಯಾವತ್ತೂ ತಪ್ಪಿಲ್ಲ." ಅವಳು ಗಾಳಿಯಲ್ಲಿ ನೇತಾಡುತ್ತಿದ್ದ ಚಕ್ರಗಳನ್ನು ಒಂದೊಂದಾಗಿ ನೋಡಿದಳು. "ಯಾವಾಗ ಹೇಳೋಣ ಅಂತಿದ್ರಿ? ಹಡಗು ಹತ್ತಿದ ಮೇಲಾ?"

ಭಾವ ಹಳೇ ಬನಿಯನ್ ಚೂರಿನಿಂದ ಬೆರಳುಗಳನ್ನು ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ವರ್ಷಗಟ್ಟಲೆಗೆ ಹೊರಟ ಹಾಗಿದ್ದೀಯಲ್ಲೋ ನೀನು," ಎಂದು ಅತ್ತೆ ಮೆಲ್ಲಗೆ ಅಂದರು. ಈ ಸಲ ಅದು ತಮಾಷೆಯಾಗಿರಲಿಲ್ಲ.

ನಾನು ಮರದ ತುಂಡನ್ನು ಎದೆಗೊತ್ತಿ ಹಿಡಿದಿದ್ದೆ. ಅಕ್ಕ ಲೋಟವನ್ನು ಬಾನೆಟ್ಟಿನ ಮೇಲಿಟ್ಟು ಅಂಗೈ ಚಾಚಿದಳು.

"ಗಾಡಿ ನೆಲಕ್ಕಿಳಿಸಿ, ಕೀ ಇಲ್ಲಿ ಕೊಡಿ."