ಕವುಮಿನ ತುರುಬು

ಶ್ರೀಲಂಕೆಯ ಕಿತುಲ್‌ಗಲದ ಹೊಳೆದಂಡೆಯ ಆ ಮನೆಯಲ್ಲಿ ಹೊಸ ವರ್ಷಕ್ಕೆ ಕವುಮ್ ಎಂಬ ಸಿಹಿ ಕಜ್ಜಾಯ ಕರಿಯುವಾಗ ಅಡುಗೆಮನೆಯ ಬಾಗಿಲು ಹಾಕಿರುತ್ತಿತ್ತು. ಹೊರಗಿನವರ ಕಣ್ಣು ಬೀಳಬಾರದು; ಒಳಗಿದ್ದವರೂ ಚೆನ್ನಾಗಿದೆ ಎನ್ನಬಾರದು. ಹೊಗಳಿದರೆ ಬಾಣಲೆಯ ಕವುಮ್ ಎಣ್ಣೆ ಕುಡಿದು ಚಪ್ಪಟೆಯಾಗುತ್ತದೆಂದು ಮನೆಯೊಡತಿ ಪೊಡಿಮೆನಿಕೆಯ ನಂಬಿಕೆ. ಅಕ್ಕಿಹಿಟ್ಟು, ಬಗನಿ ತಾಳೆಯ ರಸದ ಪಾಕ ಕಲೆಸಿದ ಹಿಟ್ಟನ್ನು ಕಾದ ಎಣ್ಣೆಗೆ ಬಿಟ್ಟು, ನಡುವೆ ತೆಂಗಿನ ಕಡ್ಡಿ ಚುಚ್ಚಿ ತಿರುಗಿಸುತ್ತಾ ಹೆಂಗಸರ ತುರುಬಿನಂಥ ಗಂಟು ಎಬ್ಬಿಸುವುದರಲ್ಲಿ ಆ ಊರಲ್ಲಿ ಆಕೆಯನ್ನು ಮೀರಿಸಿದವರಿಲ್ಲ.

ಈ ವರ್ಷ ಹಿಟ್ಟು ಕಲೆಸುವುದನ್ನು ಆಕೆ ಸೊಸೆ ಸೀಲಾವತಿಗೆ ಬಿಟ್ಟಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ, ಮೊದಲ ಸಲ.

ಅರ್ಧ ಡಜನ್ ಕವುಮ್ ತುರುಬು ಎತ್ತದೆ ಕೂತವು. ಏಳನೆಯದು ಬಾಣಲೆಯ ತುಂಬ ಹರಡಿಕೊಂಡಿತು. ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಮಾರ್ಟಾ ಬಂದಳು. ಅವಳು ಪ್ರವಾಸಕ್ಕೆ ಬಂದು ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇಳಿದುಕೊಂಡಿದ್ದ ಪೋಲೆಂಡಿನ ಹೆಂಗಸು. ಅಪ್ಪಂ, ಪಿಟ್ಟು, ಹಲಸಿನ ಪಲ್ಯ, ಏನು ತಿಂದರೂ ಪುಸ್ತಕದಲ್ಲಿ ಬರೆದುಕೊಳ್ಳುವವಳು.

"ಅಮ್ಮಾ! ಎಷ್ಟು ಚಂದ!" ಎಂದಳು, ಕಲಿತಿದ್ದ ನಾಲ್ಕು ಮಾತಿನಲ್ಲಿ.

ಪೊಡಿಮೆನಿಕೆ ಸೌಟು ಕುಕ್ಕಿದಳು. "ನೋಡಿದ್ಯಾ? ಇವಳ ಬಾಯಿ ತಾಗಿಯೇ ಹೀಗಾಗಿದ್ದು! ಬೆಳಗಿನಿಂದ ಕಿಟಕಿ ಹತ್ರ ಸುಳೀತಾನೇ ಇದ್ಳು. ಹೊರಗೆ ಕಳಿಸೇ ಅವಳನ್ನ!"

ಮಾರ್ಟಾಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಹಿಂದಕ್ಕೆ ಸರಿದು ಹೋದಳು.

ತಪ್ಪು ಎಲ್ಲಿದೆಯೆಂದು ಸೀಲಾವತಿಗೆ ಗೊತ್ತಿತ್ತು. ಹಬ್ಬಕ್ಕೆಂದೇ ನೆರೆಯ ಉಕ್ಕುಬಂಡಾ ಬಗನಿಮರ ಹತ್ತಿ ರಸ ಇಳಿಸಿ ಕಾಯಿಸಿಕೊಟ್ಟ ಪಾಕದ ಸೀಸೆ ಅರ್ಧಕ್ಕಿಳಿದಿತ್ತು. ಮೂರು ದಿನ ಬೆಳಿಗ್ಗೆ ಎಮ್ಮೆಮೊಸರಿನ ಮೇಲೆ ಅದೇ ಪಾಕ ಸುರಿದು ಮಾರ್ಟಾಗೆ ಬಡಿಸಿದವಳು ಅವಳೇ. ಮಾರ್ಟಾ ಬಟ್ಟಲು ಬಳಿದು ತಿನ್ನುವುದನ್ನು ನೋಡುತ್ತ ಇನ್ನಷ್ಟು ಸುರಿದಿದ್ದಳು. ಕಡಿಮೆಬಿದ್ದದ್ದಕ್ಕೆ ಪೇಟೆಯಿಂದ ತಂದ ಸಕ್ಕರೆಪಾಕ ಬೆರೆಸಿದ್ದಳು.

ಈಗ ಸುಮ್ಮನಿದ್ದರೆ ಸಾಕಿತ್ತು. ಬಾಯಿ ತಾಗಿತೆಂದರೆ ಊರೇ ಹೌದೆನ್ನುತ್ತದೆ. ಹಿಟ್ಟಿನ ಕೆಲಸ ತನ್ನ ಕೈಯಲ್ಲೇ ಉಳಿಯುತ್ತದೆ.

ನೀರು ತರುವ ನೆಪದಲ್ಲಿ ಹೊರಗೆ ಬಂದಳು. ಮಾರ್ಟಾ ಜಗಲಿಯಲ್ಲಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ನಾಡಿದ್ದು ಹೊಸ ವರ್ಷದ ಮೊದಲ ತುತ್ತು, ಹಾಲನ್ನ, ನಮ್ಮ ಜೊತೆಯೇ ತಿನ್ನು ಎಂದು ಅವಳನ್ನು ಕರೆದಿದ್ದವಳು ಪೊಡಿಮೆನಿಕೆಯೇ.

"ನಾನೇನು ಮಾಡಿದೆ?" ಮಾರ್ಟಾ ತನಗೆ ಬಂದ ಅರೆಬರೆ ಮಾತಿಗೆ ಕೈಸನ್ನೆ ಸೇರಿಸಿ ಕೇಳಿದಳು. "ನಾಳೆ ಬಸ್ಸಿಗೆ ಹೋಗ್ತೀನಿ. ಅಮ್ಮನಿಗೆ ಕೋಪ."

ಸೀಲಾವತಿ ಬಿಂದಿಗೆ ಅಲ್ಲೇ ಇಟ್ಟು ತಿರುಗಿ ಒಳಗೆ ಹೋದಳು.

"ಅತ್ತೆ, ಅವಳ ಬಾಯಲ್ಲ. ನನ್ನ ಕೈ. ಪಾಕ ಸಾಲ್ಲಿಲ್ಲ, ಸಕ್ಕರೆಪಾಕ ಸೇರಿಸ್ದೆ."

"ಸೀಸೆ ತುಂಬ ಇತ್ತಲ್ಲೇ!"

"ಮೊಸರಿಗೆ ಹಾಕಿ ಅವಳಿಗೆ ಕೊಟ್ಟೆ. ಮೂರು ದಿನ."

ಪೊಡಿಮೆನಿಕೆ ಬೆರಳಿನಿಂದ ಹಿಟ್ಟು ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು.

"ಆ ಹುಡುಗಿ ಎದುರಿಗೆ ನನ್ನ ಬಾಯಿ ಹೀಗೆ ಹೊಲಸು ಮಾಡಿಸಿದ್ಯಲ್ಲೇ," ಎಂದಳು. "ಹೋಗು, ಉಕ್ಕುಬಂಡಾನ ಹತ್ರ ಇನ್ನೊಂದು ಸೀಸೆ ಇದ್ರೆ ತಾ. ನಾಳೆ ಸಂಜೆಗೆ ಒಲೆ ಆರಿಸ್ಬೇಕು, ಆಮೇಲೆ ಹೊಸ ವರ್ಷ ಹುಟ್ಟೋವರೆಗೂ ಬೆಂಕಿ ಹಚ್ಚೋ ಹಾಗಿಲ್ಲ. ಮುಂದಿನ ಸಲ ಹಿಟ್ಟು ನಾನೇ ಕಲೆಸ್ತೀನಿ."

"ಹ್ಞೂಂ," ಎಂದಳು ಸೀಲಾವತಿ.

ಉಕ್ಕುಬಂಡಾ ತನ್ನ ಮನೆಗೆಂದು ಇಟ್ಟುಕೊಂಡಿದ್ದ ಸೀಸೆಯನ್ನು ಕೊಟ್ಟ. "ನಿಮ್ಮತ್ತೆ ಕವುಮ್ ಕೆಡ್ತಾ? ಹಾಗಾದ್ರೆ ನಾನು ಮರದಿಂದ ಬಿದ್ದೆ ಅಂತಾನೂ ಊರಿಗೆ ಹೇಳಿಬಿಡಕ್ಕಾ!" ಎಂದು ನಕ್ಕ.

ಮರುದಿನ ಬೆಳಿಗ್ಗೆ, ರಾತ್ರಿಯೆಲ್ಲ ನೆನೆದ ಹೊಸ ಹಿಟ್ಟಿನ ಮುಂದೆ ಪೊಡಿಮೆನಿಕೆ ಕೂತಳು. ಸೀಲಾವತಿ ಮೊದಲಿನಂತೆ ಒಲೆ ಊದುವ ಜಾಗಕ್ಕೆ ಹೋದಳು. ಬಾಗಿಲು ತೆರೆದೇ ಇತ್ತು.

"ಬಾ ಮಗಳೇ," ಎಂದು ಪೊಡಿಮೆನಿಕೆ ಬಸ್ಸಿಗೆ ಹೊರಟು ನಿಂತಿದ್ದ ಮಾರ್ಟಾಳನ್ನು ಕರೆದು ಮಣೆ ತೋರಿಸಿದಳು. ಆಮೇಲೆ ಬಗನಿಬೆಲ್ಲದ ದೊಡ್ಡ ಹೆಂಟೆಯೊಂದನ್ನು ಅವಳ ಬಾಯಿಗೆ ತುರುಕಿದಳು. "ಇದು ಕರಗೋವರೆಗೂ ಅವಳಿಗೆ ಮಾತು ಬರಲ್ಲ. ಏನೇ ಇರ್ಲಿ, ಎಚ್ಚರ ಒಳ್ಳೇದು."

ಕೆನ್ನೆ ಉಬ್ಬಿಸಿಕೊಂಡ ಮಾರ್ಟಾ ಕಣ್ಣರಳಿಸಿ ಕೂತಳು. ಹಿಟ್ಟು ಎಣ್ಣೆಗೆ ಬಿತ್ತು, ಕಡ್ಡಿ ತಿರುಗಿತು, ನಡುವೆ ಕಂದು ತುರುಬು ನೆಟ್ಟಗೆ ಎದ್ದಿತು. ಮೊದಲನೆಯದನ್ನು ಪೊಡಿಮೆನಿಕೆ ದಾರ ಕಟ್ಟಿ ಒಲೆಯ ಮೇಲಿನ ತೊಲೆಗೆ ತೂಗಿಬಿಟ್ಟಳು. ಅದು ದೃಷ್ಟಿಗೆ, ತಿನ್ನಲು ಯಾರಿಗೂ ಅಲ್ಲ.

ಇಪ್ಪತ್ತನೆಯದನ್ನು ಎಣ್ಣೆಗೆ ಬಿಟ್ಟು ಆಕೆ ಮಣಿಕಟ್ಟು ತಿಕ್ಕಿಕೊಂಡಳು. ಕಡ್ಡಿಯನ್ನು ಸೊಸೆಯ ಕಡೆ ಚಾಚಿದಳು, ಮುಖ ತಿರುಗಿಸದೆ.

"ಹಿಟ್ಟು ಕೊಡಲ್ಲ ಅಂದೆ. ಇದನ್ನ ಕೊಡಲ್ಲ ಅಂದ್ನಾ? ಹಿಡಿ, ಸುಟ್ಟುಹೋಗತ್ತೆ."

ಸೀಲಾವತಿಯ ತುರುಬು ಎದ್ದಿತು, ಪಕ್ಕಕ್ಕೆ ವಾಲಿಕೊಂಡು. ಮಾರ್ಟಾ ಏನೋ ಹೇಳಹೋಗಿ, ಬಾಯಲ್ಲಿದ್ದ ಮೂರನೆಯ ಹೆಂಟೆ ಬೆಲ್ಲ ಅಡ್ಡಬಂದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಆ ಸೊಟ್ಟದ್ದು ಅವಳಿಗಿಡು," ಎಂದಳು ಪೊಡಿಮೆನಿಕೆ. "ಪಾಕ ಖಾಲಿ ಮಾಡಿದವಳೇ ತಿನ್ಲಿ."